ದಕ್ಕೆಯ ಮೇಲಿನ ಚಪ್ಪಲಿ ಸಾಲು

ಲೆಬರಾನ್, ಅಂದರೆ ರಂಜಾನ್ ಹಬ್ಬ, ಹತ್ತಿರ ಬಂತೆಂದರೆ ಮಕಾಸ್ಸರ್ ನಗರಕ್ಕೆ ಬಂದು ನೆಲೆಸಿದ ದ್ವೀಪದವರಿಗೆಲ್ಲ ಒಂದೇ ಚಿಂತೆ: ಊರಿನ ದೋಣಿಯಲ್ಲಿ ಜಾಗ ಸಿಗುತ್ತದೋ ಇಲ್ಲವೋ. ಈ ಸಲ ಹವಾಂಗ್ ಅಜ್ಜಿಗೆ ಸಿಗಲಿಲ್ಲ. ಕಣ್ಣಿನ ಆಪರೇಷನ್ನಿಗೆಂದು ಮೊಮ್ಮಗಳು ತೆನ್ರಿಯ ಮನೆಗೆ ಬಂದಿದ್ದ ಅಜ್ಜಿಗೆ ಹಬ್ಬದ ದಿನ ಗಂಡನ ಗೋರಿಗೆ ಹೂವು ಹಾಕಲೇಬೇಕಿತ್ತು.

"ದ್ವೀಪದವರಿಗೇ ಅಂತ ಇಟ್ಟ ಜಾಗ ಅಲ್ವೇನೇ ಅದು? ಯಾರು ಹೋಗಿ ಕೂತ್ರು?" ಎಂದಳು ಅಜ್ಜಿ.

ತೆನ್ರಿ ಪ್ರಯಾಣಿಕರ ಪಟ್ಟಿ ತೆರೆದಳು. ದೋಣಿ ಸಂಘಕ್ಕೆ ಟಿಕೆಟ್ ಬುಕಿಂಗ್ ವೆಬ್ ಪುಟ ಬರೆದುಕೊಟ್ಟವಳು ಅವಳೇ. ಈಗ ನೋಡಿದರೆ ದ್ವೀಪದವರ ಜಾಗದಲ್ಲೆಲ್ಲ ಗುರುತಿಲ್ಲದ ಪ್ರವಾಸಿಗರು.

ಗೆಳತಿ ಹಾಸ್ನಾ ಕೂಡ ಅದೇ ಕೆಲಸದವಳು. ಹಬ್ಬದ ಬುರಾಸ ಎಂಬ ಅನ್ನದ ಕಡುಬು ಕಟ್ಟಲು ಬಾಳೆಲೆ ಒರೆಸುತ್ತಾ ಕೇಳಿದಳು: "ದ್ವೀಪದವರು ಹೌದೋ ಅಲ್ವೋ ಅಂತ ಹೆಂಗೆ ನೋಡ್ತೀಯ?"

"ಮೊದಲನೇ ಪುಟದಲ್ಲಿ ಗುರುತಿನ ಚೀಟಿ ನಂಬರ್ ಕೇಳ್ತೀನಿ. ಸರ್ವರ್ ನೋಡಿ ಹೌದು, ಅಲ್ಲ ಅನ್ನತ್ತೆ. ಆ ಉತ್ತರಾನ ಎರಡನೇ ಪುಟದ ಫಾರ್ಮಿನೊಳಗೆ ಅಡಗಿಸಿಡ್ತೀನಿ. ಹಿಡನ್ ಫೀಲ್ಡ್. ಫಾರ್ಮ್ ವಾಪಸ್ ಬಂದಾಗ ಅದರಲ್ಲಿ ಹೌದು ಅಂತಿದ್ರೆ ಟಿಕೆಟ್."

"ಮುಗೀತು ಬಿಡು."

"ಏನು ಮುಗೀತು? ಅದು ಪರದೆ ಮೇಲೆ ಕಾಣೋದೇ ಇಲ್ಲ ಕಣೇ. ಕಾಣದೇ ಇರೋದನ್ನ ಯಾರು ತಿದ್ತಾರೆ? ನಿಂಗೆ ಮೊದಲಿಂದಲೂ ಎಲ್ಲದ್ರ ಮೇಲೂ ಅನುಮಾನ."

ಹಾಸ್ನಾ ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ಎಳೆದುಕೊಂಡಳು. ಅವಳು ಹುಟ್ಟಾ ಮಕಾಸ್ಸರಿನವಳು, ದ್ವೀಪಕ್ಕೂ ಅವಳಿಗೂ ಸಂಬಂಧವಿಲ್ಲ. ಹಬ್ಬ ಕಳೆದ ಮೇಲಿನ ಒಂದು ದೋಣಿಯನ್ನು ಆರಿಸಿ, ತನ್ನದೇ ಗುರುತಿನ ಚೀಟಿ ನಂಬರ್ ಕೊಟ್ಟು, ಬ್ರೌಸರಿನಲ್ಲೇ ಪುಟದ ಒಳಗನ್ನು ತೆರೆದು, 'ಅಲ್ಲ' ಎಂದಿದ್ದಲ್ಲಿ 'ಹೌದು' ಎಂದು ಬರೆದು ಕಳಿಸಿದಳು. "ಊರಿಗೆ ಬಾ ಮಗಳೇ, ನಿನ್ನ ಜಾಗ ಕಾದಿದೆ" ಎಂದಿತು ಪುಟ. ಆ ಸಾಲನ್ನು ತೆನ್ರಿ ಅದೆಷ್ಟು ಪ್ರೀತಿಯಿಂದ ಬರೆದಿದ್ದಳೋ. ಅದನ್ನೀಗ ಓದಲಾರದೆ ಪುಟ ಮುಚ್ಚಿದಳು.

ಅಜ್ಜಿ ನಿಟ್ಟುಸಿರು ಬಿಟ್ಟಳು. "ಆ ಚಪ್ಪಲಿ ಸಾಲೇ ವಾಸಿಯಾಗಿತ್ತು."

ತೆನ್ರಿಗೂ ಅದೆಲ್ಲ ಕಣ್ಣಿಗೆ ಕಟ್ಟಿತು. ಮೊದಲೆಲ್ಲ ಬೆಳಗಾಗುತ್ತಲೇ ದೋಣಿ ನಿಲ್ಲುವ ದಕ್ಕೆಯ ಮೇಲೆ ಎಲ್ಲರೂ ಚಪ್ಪಲಿ ಬಿಟ್ಟು ಸರದಿ ಹಿಡಿಯುತ್ತಿದ್ದರು. ಸಾಲಲ್ಲಿ ನಿಲ್ಲುವುದು ಚಪ್ಪಲಿ, ನೆರಳಲ್ಲಿ ಕೂತು ಹರಟುವುದು ಜನ. ಯಾರೋ ಕಿಲಾಡಿಗಳು ಕಾಲಿನಿಂದಲೇ ತಮ್ಮ ಜೋಡನ್ನು ಮೆಲ್ಲಗೆ ಮುಂದೆ ತಳ್ಳುವುದೂ ಇತ್ತು. ಆದರೆ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ದಾಯೆಂಗ್ ನೊಂಪೊ ಚಪ್ಪಲಿಯನ್ನಷ್ಟೇ ನಂಬುತ್ತಿರಲಿಲ್ಲ. ತಲೆ ಎತ್ತಿ ಮುಖ ನೋಡಿ, "ನೀನು ಹವಾಂಗಳ ಹಿಂದೆ ಬಂದವಳಲ್ವಾ? ಹಿಂದಕ್ಕೆ ನಡಿ ತಾಯಿ" ಅನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಕಿಟಕಿ ಮುಚ್ಚಿ, ತೆನ್ರಿಯ ಪುಟ ಬಂದಿತ್ತು.

"ನಿನ್ನ ಹಿಡನ್ ಫೀಲ್ಡ್ ಅನ್ನೋದು ಆ ಚಪ್ಪಲಿ ಇದ್ದಂಗೆ," ಎಂದಳು ಹಾಸ್ನಾ. "ಇಟ್ಕೊಂಡ್ರೆ ತಪ್ಪೇನಿಲ್ಲ. ಆದ್ರೆ ನಿನ್ನ ಕಿಟಕೀಲಿ ನೊಂಪೊ ಇಲ್ಲ."

ತೆನ್ರಿ ಕೆಲಸಕ್ಕೆ ಕೂತಳು. ದ್ವೀಪದವರೋ ಅಲ್ಲವೋ ಎಂಬ ಉತ್ತರವನ್ನು ಫಾರ್ಮಿನಿಂದ ತೆಗೆದುಹಾಕಿದಳು. ಟಿಕೆಟ್ ಕೊಡುವ ಮುನ್ನ ಸರ್ವರ್ ತಾನೇ ಸಂಘದ ದಾಖಲೆಯನ್ನು ಮತ್ತೊಮ್ಮೆ ನೋಡುವಂತೆ ಮಾಡಿದಳು. ಆಗಲೇ ಆಗಿದ್ದ ಬುಕಿಂಗುಗಳನ್ನೂ ಹಾಗೆಯೇ ತಾಳೆ ನೋಡಿದಾಗ ಸುಳ್ಳು ಹೇಳಿದವರ ಜಾಗಗಳು ಖಾಲಿಯಾದವು. ಅದರಲ್ಲೊಂದು ಅಜ್ಜಿಗೆ ಸಿಕ್ಕಿತು.

ಹೊರಡುವ ದಿನ ಕಪ್ಪು ಕನ್ನಡಕ ಹಾಕಿಕೊಂಡ ಅಜ್ಜಿ, ಹೂವಿನ ಬುಟ್ಟಿ ಹಿಡಿದು ಆ ಮುಚ್ಚಿದ ಕಿಟಕಿಯ ಮುಂದೆ ನಿಂತಳು. ಹಲಗೆಯನ್ನೊಮ್ಮೆ ಕೈಯಿಂದ ಸವರಿದಳು.

"ಈಗ ಒಳಗೆ ಯಾರಾದ್ರೂ ನೋಡ್ತಾರೇನೇ?"

"ನೋಡ್ತಾರೆ ಅಜ್ಜಿ. ಈಗ ನೋಡ್ತಾರೆ."

ವೆಬ್ ಪುಟ ಬರೆಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಿಡನ್ ಫೀಲ್ಡ್ ಪರದೆಯ ಮೇಲೆ ಕಾಣುವುದಿಲ್ಲ ಅಷ್ಟೇ, ಅದಕ್ಕೆ ಬೀಗವಿಲ್ಲ. ಬೆಲೆ, ಹಕ್ಕು, ಅನುಮತಿ ಏನೇ ಇರಲಿ, ಫಾರ್ಮಿನಿಂದ ಮರಳಿ ಬಂದದ್ದನ್ನು ಸರ್ವರಿನಲ್ಲಿ ಪರೀಕ್ಷಿಸದೆ ನಂಬಬೇಡಿ. ನೀವು ಬರೆದ ಪುಟವನ್ನು ಇವತ್ತೇ ಒಮ್ಮೆ ತೆರೆದು ನೋಡಿ. ಅದರಾಚೆ ಯಾರದೋ ಅಜ್ಜಿ ಊರಿಗೆ ಹೋಗಲು ಕಾದಿರಬಹುದು.