ಸ್ವಾಮಿಯ ನಾಯಿಗಳು

ಯುದ್ಧದ ವರ್ಷಗಳಲ್ಲಿ ಹೊನ್ನಾಳಿ ಪೇಟೆಯಲ್ಲಿ ಹುಚ್ಚುನಾಯಿಗಳ ಕಾಟ ಹೆಚ್ಚಿತು. ಕೊರಳಲ್ಲಿ ಪಟ್ಟಿಯಿಲ್ಲದ ನಾಯಿಗಳನ್ನು ಕೊಲ್ಲುವುದಾಗಿ ಡಂಗುರ ಸಾರಿದರು. ನನ್ನ ಅಕ್ಕ ಬೊಮ್ಮಕ್ಕ ಮೈಲಾರಲಿಂಗನ ಒಕ್ಕಲು. ನಾಯಿಯೆಂದರೆ ಅವಳಿಗೆ ಸ್ವಾಮಿಯ ಪರಿವಾರ. ಬೀದಿನಾಯಿಗಳಿಗೆಲ್ಲ ದೇವರ ಭಂಡಾರದ ಅರಿಶಿನ ಬಳಿದ ದಾರ ಕಟ್ಟಿಬಿಟ್ಟಳು. ಕೊಲ್ಲಲು ನೇಮಕವಾದ ಜುಂಜಪ್ಪನೂ ಅದೇ ದೇವರ ಒಕ್ಕಲು. ದಾರ ಕಂಡರೆ ಕೋವಿ ಇಳಿಸುತ್ತಿದ್ದ.

ಒಂದು ದಿನ ಅವನೇ ಮನೆಗೆ ಬಂದ. “ಬೊಮ್ಮಕ್ಕಾ, ಆ ಕೆಂದನಾಯಿ ಜೊಲ್ಲು ಸುರಿಸ್ತಾ ತೂರಾಡ್ತೈತೆ. ಹೊಡೆಯಾಕೆ ಅಪ್ಪಣೆ ಕೊಡವ್ವಾ.”

“ಸ್ವಾಮಿ ನಾಯಿಗೆ ಹುಚ್ಚು ಹಿಡೀತೈತೇನೋ? ಕೋವಿ ಹೊತ್ತ ನಿನಗೇ ಹಿಡಿದೈತೆ!” ಎಂದು ನಕ್ಕ ಅಕ್ಕ ರೊಟ್ಟಿ ಹಿಡಿದು ಹೋದಳು. ನಾಯಿ ಅವಳ ಕೈಯನ್ನೇ ಕಚ್ಚಿತು.

ಶಿವಮೊಗ್ಗಕ್ಕೆ ಹೋಗಿ ಸೂಜಿ ಹಾಕಿಸೋಣವೆಂದು ಬೇಡಿಕೊಂಡೆ. “ಸ್ವಾಮಿ ಅದಾನೆ, ಸುಮ್ಕಿರೋ ತಮ್ಮಾ” ಎಂದು ಗಾಯಕ್ಕೂ ಭಂಡಾರದ ಅರಿಶಿನವನ್ನೇ ಮೆತ್ತಿಕೊಂಡಳು. ಕೊನೆಗೆ ತೀರ್ಥದ ಬಟ್ಟಲು ಕಂಡರೂ ಚೀರುವಂತಾದಳು. ಬಾಯಿಗೆ ಹನಿ ನೀರು ಬಿಡಲಾಗದೆ ಅವಳನ್ನು ಕಳಿಸಿಕೊಟ್ಟೆವು.

ಮಣ್ಣು ಮುಗಿದ ಮೇಲೆ ಸ್ವಾಮಿಯನ್ನು ನೆನೆದು ಬೀದಿಗಿಳಿದೆ. ಉಳಿದ ನಾಯಿಗಳ ದಾರಗಳನ್ನು ಒಂದೊಂದಾಗಿ ಬಿಚ್ಚಿದೆ. ರೊಟ್ಟಿ ತಂದಿದ್ದೇನೆಂದು ತಿಳಿದು ಅವು ಬಾಲ ಅಲ್ಲಾಡಿಸುತ್ತ ಕೊರಳೊಡ್ಡಿದವು. ನನ್ನ ಹಿಂದೆ ಜುಂಜಪ್ಪ ಕೋವಿ ಹಿಡಿದು ನಿಂತಿದ್ದ.