ಹಾಶಿಮ್ ಮಾಸ್ಟರ ಗಿರಾಕಿಗಳು

ಎರಡು ಸ್ಕೂಟರುಗಳ ನಡುವೆ ಸಿಕ್ಕಿಕೊಂಡ ಬುರ್ಖಾದ ಅಂಚನ್ನು ಫಾಯಿಜಾ ಬಿಡಿಸಿಕೊಳ್ಳುತ್ತಿದ್ದಾಗಲೇ ಶಾಂತಕುಮಾರಿ ಅವಳನ್ನು ನೋಡಿಬಿಟ್ಟರು. ಜೋಗುಪಾಳ್ಯದ ಆ ಗಲ್ಲಿಯಲ್ಲಿ ಯಾರ ಕಣ್ಣಿಗೂ ಬೀಳದೆ ಮನೆ ಸೇರುವುದು ಆಗದ ಮಾತು. ಬಾಗಿಲ ಮುಂದೆ ಬಾಡಿಗೆಯ ಕುರ್ಚಿಗಳು, ಕುರ್ಚಿಗಳ ತುಂಬ ಹಲಸೂರು, ಮರ್ಫಿ ಟೌನ್ ಕಡೆಯ ಹೆಂಗಸರು. ಎಲ್ಲರೂ ಅವಳ ಅಪ್ಪ ಹಾಶಿಮ್ ಮಾಸ್ಟರ ಹತ್ತಿರ ರವಿಕೆ ಹೊಲಿಸಿದವರು. ಅವರಲ್ಲಿ ಅರ್ಧ ಜನ ಈಗ ಕಲ್ಯಾಣ ನಗರದಲ್ಲಿರುವ ಅವಳ ಅಂಗಡಿಗೂ ಬರುತ್ತಾರೆ. ಇವತ್ತು ತೊಂದರೆಯಾಗಿದ್ದೇ ಅದು.

"ಬಂದ್ಯೇನಮ್ಮಾ," ಎಂದರು ಶಾಂತಕುಮಾರಿ. "ನಿದ್ದೇಲೇ ಹೋಗ್ಬಿಟ್ರಂತೆ. ಯಾರಿಗೂ ತೊಂದ್ರೆ ಕೊಡ್ಲಿಲ್ಲ, ಪುಣ್ಯಾತ್ಮ."

ಫಾಯಿಜಾ ತಲೆಯಾಡಿಸಿದಳು. ಬೆಳಿಗ್ಗೆ ಅಮ್ಮ ಆತಿಕಾ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ಅಬ್ಬಾ ಇಲ್ಲ, ಮಧ್ಯಾಹ್ನದ ನಮಾಜಿಗೆ ಮುಂಚೆ ಎತ್ತುತ್ತಾರೆ. ಅಬ್ಬಾ ಅವಳ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಸಿಟ್ಟಿನಲ್ಲೇ ಹೋದರಾ? ಟ್ಯಾನರಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಲ್ಲೆಲ್ಲ ಅವಳ ತಲೆಯಲ್ಲಿ ಅದೊಂದೇ ತಿರುಗುತ್ತಿತ್ತು.

ಒಳಗೆ ಮೈ ತೊಳೆಸಿ ಕಫನ್ ಸುತ್ತಿ ಮಲಗಿಸಿದ್ದರು. ಆತಿಕಾ ತಾನೇ ಬಟ್ಟೆ ಸರಿಸಿ ಮುಖ ತೋರಿಸಿದಳು. ಬಡವಾಗಿದ್ದರು. ಮೂಗಿನ ಎರಡೂ ಬದಿ ಕನ್ನಡಕದ ಗುರುತು ಗುಳಿ ಬಿದ್ದಿತ್ತು. ಇಷ್ಟು ಭಾರದ ಕನ್ನಡಕ ಯಾವಾಗ ಹಾಕಿಕೊಂಡರೋ ಫಾಯಿಜಾಗೆ ಗೊತ್ತಿರಲಿಲ್ಲ. ಅವಳು ಅಲ್ಲೇ ಕುಸಿದು ಕೂತು ಬಾಯಿಗೆ ದುಪಟ್ಟಾ ಒತ್ತಿ ಅತ್ತಳು.

"ಅಮ್ಮಿ, ನನ್ನ ಬಗ್ಗೆ ಏನಾದ್ರೂ ಅಂದ್ರಾ?"

ಆತಿಕಾ ಯೋಚಿಸಿದಳು. ಸುಳ್ಳು ಹೇಳಲು ಕೂಡ ಶಕ್ತಿ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ. "ರಾತ್ರಿ ಬೇಳೆಗೆ ಉಪ್ಪು ಕಮ್ಮಿ ಅಂದ್ರು. ಅಷ್ಟೇ ಮಾ."

*

ಹಾಶಿಮ್ ಮಾಸ್ಟರು ಅಂಗಡಿಯಲ್ಲಿ ಕೂತಷ್ಟೇ ಹೊತ್ತು ಗಿರಾಕಿಗಳ ಮನೆಗಳಲ್ಲೂ ಕೂತಿದ್ದವರು. ಕೆಲಸ ಇರಬೇಕೆಂದೇನಿಲ್ಲ. ಯುಗಾದಿ ಮುಗಿದ ಮಾರನೆಯ ದಿನ ಸೈಕಲ್ ಹತ್ತಿ ಹೊರಟರೆ, ಯಾರ ಮನೆಯ ರವಿಕೆ ಹಬ್ಬಕ್ಕೆ ಹೇಗೆ ಕೂತಿತ್ತು ಎಂದು ಕೇಳಿಕೊಂಡು ಸಂಜೆಗೆ ವಾಪಸಾಗುತ್ತಿದ್ದರು. ಬಾಣಂತಿಯ ಮನೆಗೆ ಹೋಗಿ ಅವಳ ಹಳೆಯ ರವಿಕೆಗಳನ್ನೆಲ್ಲ ಕೇಳಿ ತಂದು, ಸಡಿಲ ಮಾಡಿ ಕೊಟ್ಟುಬರುತ್ತಿದ್ದರು. ಮೈ ದಪ್ಪಗಾಗಿದೆ ಎಂಬುದನ್ನು ಹೆಂಗಸು ತಾನಾಗಿ ಬಂದು ಹೇಳುವಂತೆ ಮಾಡಬಾರದು ಎನ್ನುವುದು ಅವರ ಲೆಕ್ಕ.

ಫಾಯಿಜಾ ಹೊಲಿಗೆ ಕಲಿತಿದ್ದು ಅವರ ಪಕ್ಕದಲ್ಲೇ. ಮದುವೆಯಾಗಿ ಕಲ್ಯಾಣ ನಗರದಲ್ಲಿ ಅಂಗಡಿ ತೆರೆದಾಗ ಅಬ್ಬಾನ ಫೋನಿನಿಂದ ನಂಬರುಗಳನ್ನೆಲ್ಲ ತನ್ನದಕ್ಕೆ ಇಳಿಸಿಕೊಂಡು ಒಬ್ಬರನ್ನೂ ಬಿಡದೆ ಮೆಸೇಜ್ ಕಳಿಸಿದಳು. ಹೊಸ ಡಿಸೈನಿನ ಫೋಟೋ, ಮನೆಗೇ ಬಂದು ಬಟ್ಟೆ ತಗೊಂಡು ಹೋಗುವ ಮಾತು, ಕೊನೆಗೆ ಒಂದು ಗುಲಾಬಿ ಹೂ. ಆ ಗುಲಾಬಿ ಮಾಸ್ಟರ ಫೋನಿಗೂ ಬಂತು.

"ಕೇಳಿದ್ರೆ ನಾನೇ ಕೊಡ್ತಿದ್ದೆ," ಎಂದಿದ್ದರು ಅವರು. "ಕೇಳ್ದೆ ಕರ್ಕೊಂಡ್ಹೋದ್ಯಲ್ಲ."

"ಮನೆ ಮನೆಗೆ ಹೋಗಿ ಟೀ ಕುಡಿದ್ರೆ ಬಿಸಿನೆಸ್ ಆಗುತ್ತಾ ಅಬ್ಬಾ? ಈಗ ಯಾರಿಗೆ ಟೈಮಿದೆ?"

ಅವರು ಉತ್ತರ ಕೊಡಲಿಲ್ಲ. ಆಮೇಲೆ ಕೊಡಲೇ ಇಲ್ಲ.

*

ಮಾಸ್ಟರ ತಮ್ಮನ ಮಗ ಓವೈಸ್ ಮುಂದಿನ ಹೆಗಲು ಕೊಟ್ಟ. ಗಂಡಸರು ಕಲಿಮಾ ಹೇಳುತ್ತಾ ಗಲ್ಲಿಯ ತಿರುವು ದಾಟಿದರು. ಕುರ್ಚಿಯಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತು ಕೈ ಮುಗಿದರು. ದನಿ ಕೇಳದಂತಾದ ಮೇಲೂ ಯಾರೂ ಹೊರಡಲಿಲ್ಲ. ಶಾಂತಕುಮಾರಿ ಮುಚ್ಚಿದ ಅಂಗಡಿಯ ಕಡೆ ನೋಡುವುದು, ತಲೆ ತಗ್ಗಿಸುವುದು, ಮತ್ತೆ ನೋಡುವುದು ಮಾಡುತ್ತಿದ್ದರು.

ಅದು ಆತಿಕಾಗೆ ಕಾಣಿಸಿತು. "ಬಟ್ಟೆ ಇದ್ಯಾ ಒಳಗೆ?"

"ಅಯ್ಯೋ, ಇವತ್ತೇನು ಬೇಡ ಬಿಡಿ," ಎಂದರು ಶಾಂತಕುಮಾರಿ. ಮುಖ ಕೆಂಪಾಗಿತ್ತು. "ನಮ್ಮಕ್ಕನ ಮಗಳ ಮದ್ವೆ, ಭಾನುವಾರ. ಅಷ್ಟೇ. ಆಮೇಲೆ ನೋಡ್ಕೊಂಡ್ರೆ ಆಯ್ತು."

ಭಾನುವಾರದ ಮದುವೆಯ ರವಿಕೆಯನ್ನು ಆಮೇಲೆ ನೋಡಿಕೊಳ್ಳುವುದು ಹೇಗೆಂದು ಯಾರೂ ಕೇಳಲಿಲ್ಲ. ಆತಿಕಾ ಬೀಗದ ಕೈ ತಂದು ಮಗಳ ಕೈಗಿಟ್ಟಳು. "ಕೊಟ್ಬಿಡು. ಗಿರಾಕೀನ ಕಾಯಿಸೋದು ಅವರಿಗೆ ಆಗ್ತಿರ್ಲಿಲ್ಲ."

ಅಂಗಡಿ ಎಂದರೆ ಮನೆಯದೇ ಮುಂದಿನ ಕೋಣೆ. ಫಾಯಿಜಾ ಶಟರ್ ಎತ್ತಿದಳು. ಮಷೀನಿನ ಮೇಲೆ ಮಾವಿನ ಚಿಗುರಿನ ಬಣ್ಣದ ರೇಷ್ಮೆ ರವಿಕೆ ಇತ್ತು. ಹೊಲಿದು ಮುಗಿದಿತ್ತು, ಹುಕ್ಕು ಹಾಕುವುದಷ್ಟೇ ಬಾಕಿ. ಅವಳು ಅಭ್ಯಾಸದಂತೆ ಅದನ್ನು ಒಳಗು ಹೊರಗು ಮಾಡಿ ಬೆಳಕಿಗೆ ಹಿಡಿದಳು.

ಹೊಲಿಗೆ ಅತ್ತ ಇತ್ತ ಓಲಾಡಿಕೊಂಡು ಹೋಗಿತ್ತು. ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು ಉದ್ದ. ಅಬ್ಬಾನ ಹೊಲಿಗೆ ಎಂದರೆ ಗೆರೆ ಎಳೆದ ಹಾಗೆ. ಇದು ಅವರದಲ್ಲ ಎಂದುಕೊಂಡಳು. ಆದರೆ ಈ ಓಲಾಟವನ್ನು ಅವಳು ಕಂಡಿದ್ದಳು, ಒಂದು ಸಲವಲ್ಲ, ಎಷ್ಟೋ ಸಲ, ಕಲ್ಯಾಣ ನಗರದಲ್ಲಿ ತನ್ನದೇ ಮೇಜಿನ ಮೇಲೆ.

"ಮುನಿಗಂಗಮ್ಮಾ, ಇದು..."

ಮುನಿಗಂಗಮ್ಮ ಮಾಸ್ಟರ ಎಲ್ಲರಿಗಿಂತ ಹಳೆಯ ಗಿರಾಕಿ, ಮರ್ಫಿ ಟೌನಿನವರು. ಹೊಸ್ತಿಲ ಮೇಲೆ ಕೂತು ಮಂಡಿ ನೀವಿಕೊಂಡರು.

"ಅವ್ರಿಗೆ ಕಣ್ಣು ಕಾಣ್ತಿರ್ಲಿಲ್ಲ ಕಣಮ್ಮ. ಒಂದೆರಡು ವರ್ಷ ಆಯ್ತು. ನಿಂಗೆ ಹೇಳ್ಬಾರ್ದು ಅಂತ ನಿಮ್ಮಮ್ಮನ ಕೈಲಿ ಆಣೆ ಹಾಕ್ಸಿದ್ರು. ನಾವೇನ್ ಮಾಡೋಣ? ಸೈಕಲ್ ತಳ್ಕೊಂಡು ಮನೆ ಬಾಗ್ಲಿಗೆ ಬಂದು, ಏನಮ್ಮ ಬಟ್ಟೆ ಇದ್ಯಾ ಅನ್ನೋರು. ಇಲ್ಲ ಅನ್ನಕ್ಕೆ ಬಾಯ್ ಬರ್ತಿರ್ಲಿಲ್ಲ. ಕೊಡ್ತಿದ್ವಿ. ಆಮೇಲೆ ನಿನ್ ಹತ್ರ ತಂದು ಸರಿ ಮಾಡಿಸ್ಕೊಳ್ತಿದ್ವಿ."

*

ಕಳೆದ ದೀಪಾವಳಿಯ ಹೊತ್ತಿಗೆ ಇದೇ ಮುನಿಗಂಗಮ್ಮ ಮೂರು ರವಿಕೆ ತಂದು ಮೇಜಿನ ಮೇಲೆ ಇಟ್ಟಿದ್ದರು. ಅಂಗಡಿ ತುಂಬ ಜನ. ಫಾಯಿಜಾ ಒಂದನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಿದ್ದಳು.

"ಯಾವ ಪುಣ್ಯಾತ್ಮ ಹೊಲಿದಿದ್ದು ಇದನ್ನ? ಗೋಣಿಚೀಲ ಹೊಲಿದಂಗೆ ಹೊಲಿದಿದಾನಲ್ಲ!"

ಎಲ್ಲರೂ ನಕ್ಕಿದ್ದರು. ಮುನಿಗಂಗಮ್ಮ ಮಾತ್ರ ನಕ್ಕಿರಲಿಲ್ಲ. "ಯಾರೋ ಒಬ್ರು," ಎಂದಿದ್ದರು. "ಸ್ವಲ್ಪ ಸರಿ ಮಾಡ್ಕೊಡಮ್ಮ."

*

ಫಾಯಿಜಾ ಅಪ್ಪನ ಸ್ಟೂಲಿನ ಮೇಲೆ ಕೂತಳು. ಮಗಳಾಗಿ ಅವರ ಕೈ ಗುರುತು ಸಿಗಲಿಲ್ಲವಲ್ಲ ಎನ್ನುವುದು ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು.

"ನಾನಂದಿದ್ದು ಅವ್ರಿಗೆ ಹೇಳಿದ್ರಾ?"

"ಹೇಳಕ್ಕಾಗುತ್ತಾ?"

"ನನ್ ಹತ್ರ ತರ್ತಿದ್ದಿದ್ದು? ಅದು ಗೊತ್ತಿತ್ತಾ ಅವ್ರಿಗೆ?"

ಮುನಿಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನಂತೂ ಬಾಯಿ ಬಿಟ್ಟಿಲ್ಲ. ಅವ್ರೂ ಕೇಳ್ಲಿಲ್ಲ. ಇತ್ತೀಚೆಗೆ ಕೊಡುವಾಗೆಲ್ಲ ಒಂದ್ ಮಾತು ಅನ್ನೋರು. ಒಳಗೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಟ್ಟಿದೀನಿ, ಹೊಲಿಗೆ ಉದ್ದುದ್ದ ಹಾಕಿದೀನಿ, ಬಿಚ್ಚೋರಿಗೆ ಕಷ್ಟ ಆಗ್ಬಾರ್ದು ಅಂತ. ನಂಗೆ ಅದೇನೂಂತ ಅರ್ಥ ಆಗ್ತಿರ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಶಾಂತಕುಮಾರಿ ಮೆಲ್ಲಗೆ ಹೇಳಿದರು. "ಅದು ನಮ್ಮ ಹುಡ್ಗೀದೇ ಕಣಮ್ಮ. ಹಾಗೇ ಕೊಟ್ಬಿಡು, ಪರ್ವಾಗಿಲ್ಲ. ಹೇಗೋ ಹಾಕ್ಕೋತಾಳೆ."

"ಇಲ್ಲ ಆಂಟಿ. ಕೂತ್ಕೊಳ್ಳಿ. ಟೀ ತರ್ಸ್ತೀನಿ."

ಅವಳು ಹೊಲಿಗೆ ಬಿಚ್ಚುವ ಬ್ಲೇಡಿಗಾಗಿ ಡ್ರಾಯರು ಎಳೆಯಲು ಹೋಗಿ ಕೈ ತಡೆದಳು. ರೇಷ್ಮೆಯನ್ನು ತೊಡೆಯ ಮೇಲೆ ಹರಡಿಕೊಂಡು, ಕಂಕುಳಿನ ಹತ್ತಿರ ದಾರದ ತುದಿಯನ್ನು ಬೆರಳಲ್ಲಿ ಹುಡುಕಿದಳು. ಗಂಟು ಹಾಕಿರಲಿಲ್ಲ. ತುದಿ ಹಿಡಿದು ಒಮ್ಮೆ ಎಳೆದಳು. ಎಲ್ಲೂ ತಡೆಯಲಿಲ್ಲ. ಕಂಕುಳಿನಿಂದ ಸೊಂಟದವರೆಗೂ ಇಡೀ ಎಳೆ ಹಾಗೇ ಜಾರಿಕೊಂಡು ಅವಳ ಕೈಗೆ ಬಂತು.