ವನಜಕ್ಕನ ಕಿರುಬೆರಳು

ವನಜಕ್ಕನೊಡನೆ ಮಾತಿಗೆ ಕುಳಿತವರು ಮೊದಲು ಗಮನಿಸುವುದು ಅವರ ಕಣ್ಣನ್ನಲ್ಲ, ಎಡಗೈಯ ಕಿರುಬೆರಳನ್ನು. ಮೇಜಿರಲಿ, ಬಸ್ಸಿನ ಸೀಟಿರಲಿ, ಸ್ವಂತ ಮಂಡಿಯೇ ಇರಲಿ, ಆ ಬೆರಳು ಯಾವುದೋ ಅದೃಶ್ಯ ಗುಂಡಿಯನ್ನು ಒತ್ತಿ ಹಿಡಿದೇ ಇರುತ್ತದೆ. ಗಂಗೊಳ್ಳಿ ಬಂದರಿನ ಏಲಂನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬಂದು, ನನ್ನ ಚೌಕಾಸಿಗೆ ಕಿವಿಗೊಡದೆ ಮುಂದಿನ ಮನೆಗೆ ನಡೆಯುತ್ತಿದ್ದ ಹೆಂಗಸು. ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ಕಸಿದುಕೊಂಡ ಮೇಲೆ ಬುಟ್ಟಿ ಕೆಳಗಿಳಿಯಿತು. ದನಿ ಮಾತ್ರ ಇಳಿಯಲಿಲ್ಲ.

ಮೀನುಗಾರ ಮಹಿಳೆಯರ ಸಂಘದಲ್ಲಿ, ಫೋನಿನಲ್ಲಿ ಬರುವ ಐಸಿನ ಬೇಡಿಕೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಖಾಲಿಯಿತ್ತು. ಅದು ತಮಗೇ ಬೇಕೆಂದು ಪಟ್ಟು ಹಿಡಿದ ವನಜಕ್ಕ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಕಲಿಯಲು ಬ್ರಹ್ಮಾವರದ ನವ್ಯಶ್ರೀ ಟೀಚರ ಬಳಿ ಹೋದರು. ಬಲಗೈ ಫೋನಿಗೆ ಮೀಸಲಾದ್ದರಿಂದ, ಅದಕ್ಕೆ ಆಜ್ಞೆ ಕೊಡುವ ಕೀಯಾಗಿ ಬಲಗಡೆಯ ಇನ್ಸರ್ಟನ್ನು ಬಿಟ್ಟು ಎಡ ಅಂಚಿನ ಕ್ಯಾಪ್ಸ್ ಲಾಕನ್ನು ಆರಿಸಿಕೊಂಡರು. ಅಷ್ಟಕ್ಕೆ ಟೀಚರ ತಕರಾರಿರಲಿಲ್ಲ. ಆದರೆ ನಾವು ಅಕ್ಷರ ಒತ್ತಿದೊಡನೆ ಯಂತ್ರ ತನ್ನ ಓದನ್ನು ನಿಲ್ಲಿಸುವ ಏರ್ಪಾಡೊಂದಿದೆ. ಅದಿಲ್ಲದಿದ್ದರೆ ತಲೆ ಚಿಟ್ಟು ಹಿಡಿಯುತ್ತದೆಂದು ಟೀಚರ್ ಎಷ್ಟು ಹೇಳಿದರೂ ವನಜಕ್ಕ ಅದನ್ನು ತೆಗೆದೇ ಬಿಟ್ಟರು.

“ಅದ್ ಮಾತಾಡ್ಲಿ, ನಾನೂ ಒತ್ತತೆ. ಏಲಂ ಹೊತ್ತಿಗೆ ಒಬ್ರ್ ಬಾಯ್ ಮುಚ್ಚಿದ್ ಮೇಲೇ ಇನ್ನೊಬ್ರ್ ಕೂಗೂದಾ?”

ನವರಾತ್ರಿಗೆ ಮುಂಚೆಯೇ ಟೀಚರೊಡನೆ ಹೋಗಿ ಸಂಘದ ಕಂಪ್ಯೂಟರನ್ನೂ ತಮ್ಮ ಕೈಗೆ ಹೊಂದಿಸಿ ಬಂದರು. ವಿಜಯದಶಮಿಯಂದು ಕೆಲಸದ ಪರೀಕ್ಷೆ; ಅಂದು ಸೋತರೆ ಆ ಕುರ್ಚಿ ಇನ್ನೊಬ್ಬರದು. ಜೊತೆಗೆ ನಾನೂ ಹೋದೆ. ಕೈ ಹಿಡಿಯಗೊಡದೆ ನನ್ನ ಮೊಣಕೈಯನ್ನು ಮುಟ್ಟಿ, ಅರ್ಧ ಹೆಜ್ಜೆ ಮುಂದೆಯೇ ನಡೆಯುವ ಅವರ ರೀತಿಗೆ, ಯಾರು ಯಾರನ್ನು ಕರೆದೊಯ್ಯುತ್ತಿದ್ದರೆಂದು ಊರೇ ನಕ್ಕಿರಬೇಕು.

ಕಾರ್ಯದರ್ಶಿ ಭೋಜರಾಜರು ಸಜ್ಜನರು. ಆಯುಧ ಪೂಜೆಗೆಂದು ಕಂಪ್ಯೂಟರನ್ನು ಹೊರಗೆ ಒರೆಸಿ ಕುಂಕುಮ ಹಚ್ಚಿದ್ದಲ್ಲದೆ, ಒಳಗೂ ಚೊಕ್ಕವಾಗಲೆಂದು ಎಲ್ಲವನ್ನೂ ಅಳಿಸಿ, ಸ್ಕ್ರೀನ್ ರೀಡರನ್ನೂ ಸೇರಿಸಿ ಹೊಸದಾಗಿ ತುಂಬಿಸಿದ್ದರು; ವನಜಕ್ಕ ಹೊಂದಿಸಿಟ್ಟದ್ದೆಲ್ಲ ಅದರೊಡನೆ ಅಳಿಸಿಹೋಗಿತ್ತು. ಐಸು ಬೇಕೆಂದು ಮೀನು ಮಾರುವ ಸರಸಳ ಫೋನು ಬಂತು. ವನಜಕ್ಕನ ಕಿರುಬೆರಳು ಕ್ಯಾಪ್ಸ್ ಲಾಕಿನ ಮೇಲೆ ಕುಳಿತಿತು. ಬೆರಳಿಗೆ ಕುಂಕುಮ ಹತ್ತಿತೇ ಹೊರತು ಯಂತ್ರ ಮಾತು ಕೇಳಲಿಲ್ಲ. ತಮ್ಮ ತಪ್ಪಿನ ಅರಿವಾಗಿ ಪೆಚ್ಚಾದ ಭೋಜರಾಜರು ಫೋನಿಗೆ ಕೈ ಚಾಚಿದರು.

“ಕೊಡಿ ವನಜಕ್ಕ, ಇವತ್ತಿಗೆ ನಾನೇ ಬರ್ಕಂತೆ.”

“ಇವತ್ ನೀವ್ ಬರದ್ರೆ ನಾಳೆಯೂ ನೀವೇ ಬರೀಕ್. ನಿಮ್ ಕುರ್ಚಿ ಮೇಲ್ ಕೂಕಣಿ. ಸರಸ, ಫೋನ್ ಇಡ್ಬೇಡ ಮಾರಾಯ್ತಿ.”

ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿ, ಬಲಗೈಯಿಂದ ಇನ್ಸರ್ಟನ್ನು ತಡಕಿ ಹಿಡಿದು, ನಿಧಾನಕ್ಕೆ ಎಳೆದೆಳೆದು ಓದುವ ಆ ಪರಕೀಯ ದನಿಯ ಬೆನ್ನು ಹತ್ತಿ ಹೊಂದಿಕೆಗಳ ಒಳಹೊಕ್ಕರು. ಆಜ್ಞೆಯ ಕೀ ಎಡಕ್ಕೆ ಬಂತು; ಬಾಯಿ ಮುಚ್ಚುವ ಏರ್ಪಾಡು ಹೋಯಿತು.

“ಹ್ವಾಯ್ ಸರಸ, ಈಗ ಹೇಳ್. ಐಸ್ ಎಷ್ಟ್?”

ಸರಸ ಹೇಳಿದಳು, ಯಂತ್ರ ಹೇಳಿತು, ವನಜಕ್ಕ ಒತ್ತುತ್ತಲೇ ಇದ್ದರು, ಕೋಣೆಯೇ ಏಲಂ ಹೊತ್ತಿನ ಬಂದರಿನಂತಾಯಿತು. ಆ ಕುರ್ಚಿ ಈಗ ಅವರದೇ.

ನಾವು ಬಹುತೇಕರು ಯಾರೋ ಹೊಂದಿಸಿಟ್ಟದ್ದಕ್ಕೆ ನಮ್ಮನ್ನೇ ಬಗ್ಗಿಸಿಕೊಂಡು, ಅದನ್ನು ಸೌಜನ್ಯವೆಂದು ಕರೆದುಕೊಳ್ಳುವ ಜನ; ಅಂಗಡಿಯವ ಹಾಕಿಕೊಟ್ಟ ಕರ್ಕಶ ರಿಂಗ್‌ಟೋನೇ ಇಂದಿಗೂ ನನ್ನ ಫೋನಿನಲ್ಲಿದೆ. ವನಜಕ್ಕನಂಥವರನ್ನು ಹಟಮಾರಿಗಳೆಂದುಬಿಡುತ್ತೇವೆ. ಅವರು ಕೇಳುವುದು ಅನುಕಂಪವನ್ನಲ್ಲ, ಕೆಲಸವನ್ನು. ಮತ್ತು ಅದನ್ನು ತಮ್ಮ ಕೈಗೆ ಹೊಂದಿಸಿಕೊಳ್ಳುವಷ್ಟು ಹೊತ್ತು, ಉಳಿದವರು ಕೈ ಕಟ್ಟಿ ಸುಮ್ಮನೆ ಕೂತಿರುವುದನ್ನು.